ಬಿಟ್ಟ ನೀರು, ಬಾರದ ನೀರು

ನಮ್ಮನ್ನು ಕೆಡಿಸಿದವರು ನಮ್ಮ ಹಿರಿಯರೇ. ಮೌಲ್ಯಗಳ ಮೇಲೆ ಪ್ರಬಂಧ ಬರೆಸಿ ಬಹುಮಾನ ಕೊಟ್ಟವರೇ, ನೌಕರಿಗೆ ಹೊರಟ ದಿನ ಅವನ್ನು ಗೂಟಕ್ಕೆ ತೂಗುಹಾಕಿ ಹೋಗೆಂದರು. ಈ ಆರೋಪ ಇಂದು ನೆನಪಾದದ್ದಕ್ಕೆ ಪಕ್ಕದ ಮನೆಯ ಏಕತಾರಿ ಕಾರಣ. ಸಂಜೆಯ ಭಜನೆಗೆ ಯಾರೋ ಅದರ ತಂತಿ ಬಿಗಿಯುತ್ತಿದ್ದಾರೆ.

ನಿಮಗೆ ಗೊತ್ತಿರಬಹುದು, ನಮ್ಮ ಕುಷ್ಟಗಿ ಕಡೆ ತತ್ವವೆಂದರೆ ಭಜನೆಯಲ್ಲಿ ಹಾಡುವ ಪದ. ಧಾರವಾಡದಲ್ಲಿ ಎಂ.ಎ. ಓದುತ್ತ ನಾನದನ್ನು ಮರೆತಿದ್ದೆ. ಎಂಬತ್ತನೇ ಇಸವಿಯ ಸುಮಾರಿಗೆ ಊರಿಗೆ ಮರಳಿ, ನನ್ನ ತತ್ವಕ್ಕೆ ಹೊಂದುವ ನೌಕರಿಯೇ ಬೇಕೆಂದು ಪಡಸಾಲೆಯಲ್ಲಿ ಘೋಷಿಸಿದೆ. ಅವ್ವ ಹಿಗ್ಗಿ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಸೋಮವಾರ ಭಜನಾ ಮೇಳದವರು ಬಂದೇಬಿಟ್ಟರು.

"ತಮ್ಮಾ, ತತ್ವ ಭಾಳ ಛಲೋ ಹಾಡ್ತೀಯಂತ. ಬಾರಪಾ, ನಮ್ಮಾಗ ದನಿ ಇದ್ದವರು ಕಡಿಮಿ ಆಗ್ಯಾರ."

ಸೋದರಮಾವ ಬಿದ್ದುಬಿದ್ದು ನಕ್ಕ. "ತತ್ವ ಹಾಡಾಕ ಇರೂದಲೇ, ನೌಕರಿ ಮಾಡಾಕಲ್ಲ!" ಎಂದವನೇ ಯಾರದೋ ಕೈಕಾಲು ಹಿಡಿದು, ಗಂಗಾವತಿ ಕಡೆಯ ಒಂದು ಕಾಲುವೆ ಕಚೇರಿಗೆ ನನ್ನನ್ನು ಸೇರಿಸಿದ.

ಅಲ್ಲಿನ ಹಿರಿಯ ಗುಮಾಸ್ತರು ಸುಳ್ಳಿನ ಕಡುವೈರಿ. ನೀರೆಲ್ಲಿ ಎಂದು ಕೇಳಿಬರುವ, ಕಾಲುವೆಯ ತುದಿಯೂರುಗಳ ರೈತರಿಗೆ ಉತ್ತರ ಹೇಳುವ ಕೆಲಸವನ್ನು ನನಗೊಪ್ಪಿಸಿ ಉಪದೇಶಿಸಿದರು: "ನೀರು ಬಿಟ್ಟೀವಿ ಅನ್ರಿ. ಬಂದಾವು ಅಂತ ಮಾತ್ರ ಅನಬ್ಯಾಡ್ರಿ. ಸುಳ್ಳು ನಮ್ಮಲ್ಲಿ ನಡಿಯಂಗಿಲ್ಲ." ಮೇಲಿನ ಹೊಲಗಳ ದೊಡ್ಡವರು ಕಾಲುವೆ ಒಡೆದು ನೀರು ತಿರುಗಿಸಿಕೊಂಡ ಸಂಗತಿಗೆ ಅವರ ವ್ಯಾಕರಣದಲ್ಲಿ ಕ್ರಿಯಾಪದವೇ ಇರಲಿಲ್ಲ.

ಕೆಲವು ದಿನ ನಾನೂ ಅದನ್ನೇ ಹಾಡಿದೆ, ತಾಳ ತಪ್ಪದೆ. ಒಮ್ಮೆ ತುದಿಯೂರಿನ ಮುದುಕಿಯೊಬ್ಬಳು ಕಿಟಕಿಯ ಸರಳು ಹಿಡಿದು ಕೇಳಿದಳು: "ಯಪ್ಪಾ, ಬಿಟ್ಟ ಎಮ್ಮಿ ಸಂಜೀಕ ಮನಿಗೆ ಬರತೈತಿ. ನಿಮ್ಮ ನೀರು ಯಾರ ಮನಿ ಗೂಟಕ್ಕ ಅದಾವು?"

ಕಾಲುವೆ ಒಡೆದವರ ಹೆಸರು ಹಿಡಿದು ಹೇಳಿದೆ. ಮರುದಿನ ನನ್ನ ದನಿ ಕಚೇರಿಗೆ ಬೇಡವಾಯಿತು.

"ಕೈಯಾಗಿನ ನೌಕರಿ ಬಿಟ್ಟಿ. ಬ್ಯಾರೇದು ಬಂತೇನಲೇ?" ಮಾವ ಗುಡುಗಿದ.

"ಬಿಟ್ಟದ್ದು ಖರೆ ಮಾವಾ. ಬಂದಿಲ್ಲ." ಕಚೇರಿಯ ಭಾಷೆಯನ್ನು ನಾನು ಅಷ್ಟಾದರೂ ಕಲಿತಿದ್ದೆ.

ಈಗ ಯಲಬುರ್ಗಾದ ಹತ್ತಿರದ ಹಳ್ಳಿಯೊಂದರಲ್ಲಿ ಕನ್ನಡ ಮಾಸ್ತರನಾಗಿದ್ದೇನೆ. 'ಬಿಡು', 'ಬರು' ಬೇರೆ ಬೇರೆ ಧಾತುಗಳೆಂದು ಮಕ್ಕಳಿಗೆ ಕಲಿಸುತ್ತೇನೆ. ತತ್ವಕ್ಕೆ ಹೊಂದುವ ನೌಕರಿ ಎಂದರೆ ಇಷ್ಟೇ ಇರಬಹುದು.

"ಮಾಸ್ತರ್ರ, ಬರ್ರಿ, ತತ್ವ ಸುರು ಮಾಡೂಣು" ಎಂದು ಪಕ್ಕದ ಮನೆಯವರು ಕರೆಯುತ್ತಿದ್ದಾರೆ. ಈಗೀಗ ನಾನೂ ಹೋಗಿ ದನಿಗೂಡಿಸುತ್ತೇನೆ. ಅದಕ್ಕೂ ಮೊದಲು, ಕಾಲುವೆಯ ಹೊಣೆ ಹೊತ್ತ ಮಾನ್ಯರಲ್ಲಿ ಒಂದು ವಿನಂತಿ. ಆ ಮುದುಕಿಯ ಪ್ರಶ್ನೆ ಇನ್ನೂ ಕಿಟಕಿಯಲ್ಲೇ ನಿಂತಿದೆ. ದಯವಿಟ್ಟು ಕಾಲುವೆಯ ಒಡಕನ್ನು ಮುಚ್ಚಿಸಿ, ಆಕೆಗೆ ಉತ್ತರ ಕೊಡಿ. ಉತ್ತರ ಬಿಟ್ಟಿದ್ದೇವೆ ಎನ್ನಬೇಡಿ. ಅದು ಆಕೆಯ ಹೊಲಕ್ಕೆ ಬರಬೇಕು.