ಅಕ್ಕಯ್ಯಮ್ಮ ಆರಿಸುವ ಫಿಲ್ಟರ್

ತೂಬಗೆರೆಯ ಯಾವ ಹುಡುಗಿಗೆ ಮದುವೆ ಗೊತ್ತಾದರೂ, ಅವಳು ಗಂಡನ ಮನೆಗೆ ಒಯ್ಯುವ ಕಾಫಿ ಫಿಲ್ಟರ್ ಆರಿಸಲು ದೊಡ್ಡಬಳ್ಳಾಪುರದ ನನ್ನ ಪಾತ್ರೆ ಅಂಗಡಿಗೆ ಬರುವವರು ಆ ಊರಿನ ಹಿರಿಯಾಕೆ ಅಕ್ಕಯ್ಯಮ್ಮ. ಮದುವೆ ಹುಡುಗಿ, ಅವಳ ತಾಯಿ ಚೀಲ ಹಿಡಿದು ನಿಂತಿದ್ದರೆ ಸಾಕು. ಅಕ್ಕಯ್ಯಮ್ಮ ಫಿಲ್ಟರನ್ನು ಬಡಿದು ಕಿವಿಗಿಡುತ್ತಾರೆ, ತೂತುಗಳನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ, ಕೊನೆಗೆ ಬೇಕೆಂದೇ ನೆಲಕ್ಕೆ ಬೀಳಿಸುತ್ತಾರೆ. "ನೆಗ್ಗಿದ್ರೆ ನಿಂದು, ಇಲ್ದಿದ್ರೆ ನಮ್ದು ಕಣಪ್ಪಾ!" ನೆಗ್ಗಿದ ಫಿಲ್ಟರುಗಳು ನಮ್ಮ ಮನೆಯಲ್ಲಿ ಸಾಲಾಗಿ ನಿಂತಿವೆ. ಗಟ್ಟಿಯದು ಸಿಕ್ಕರೂ ಬಿಡುವವರಲ್ಲ. ತಾವೇ ತಂದ ಕಾಫಿಪುಡಿ ಹಾಕಿ, ಅಂಗಡಿ ಹಿಂದಿನ ನಮ್ಮ ಮನೆಯಿಂದ ಬಿಸಿನೀರು ತರಿಸಿ ಸುರಿಯುತ್ತಾರೆ. ಡಿಕಾಕ್ಷನ್ ಬೇಗ ಇಳಿದರೆ ಅದೂ ವಾಪಸ್. "ಎಲ್ರೂ ಬೇಗ ಇಳಿಯೋದು ಕೇಳ್ತಾರಲ್ಲಮ್ಮಾ?" ಎಂದೆ ಒಮ್ಮೆ. ಅವರು ಮದುವೆ ಹುಡುಗಿಯ ಕಡೆ ನೋಡಿ ದನಿ ತಗ್ಗಿಸಿದರು: "ಅದು ಇಳಿಯೋ ಗಂಟಾದ್ರೂ ಆ ಮನೇಲಿ ನಮ್ಮುಡ್ಗಿ ಒಂದ್ ಗಳಿಗೆ ಕೂತ್ಕಳ್ಳಲಿ."