ಹರೀಸಾ ಡಬ್ಬಿಯ ಮೇಲೆ ಸಾಲ್ಹಾ

ನಾಬುಲ್ ಊರಿನ ಮೊಂಜಿ ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುತ್ತಿದ್ದ. ಬಿಡುವಾದಾಗ ಮನಸ್ಸಿಗೆ ಬಂದದ್ದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು ಅಂತರ್ಜಾಲದ ಫೋಟೋ ತಾಣವೊಂದಕ್ಕೆ ಹಾಕುವುದು ಅವನ ಚಟ.

ಒಂದು ಬೆಳಿಗ್ಗೆ ಅವನ ಚಿಕ್ಕಮ್ಮ ಸಾಲ್ಹಾ ಸ್ಟುಡಿಯೋಗೆ ನುಗ್ಗಿ, ಅಂಗಡಿಯಿಂದ ತಂದ, ಕೆಂಪು ಮೆಣಸಿನಕಾಯಿ ಅರೆದು ಮಾಡಿದ ಹರೀಸಾ ಖಾರದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಇದ್ಯಾರೋ ನೋಡು!"

ಡಬ್ಬಿಯ ಮೇಲೆ, ಕೆಂಪು ಮೆಣಸಿನಕಾಯಿ ಸರಗಳ ನಡುವೆ, ಸಾಲ್ಹಾಳೇ ಕೂತು ನಗುತ್ತಿದ್ದಳು. ಹೋದ ವರ್ಷ ಮೊಂಜಿ ತೆಗೆದ ಚಿತ್ರ.

"ಅಯ್ಯೋ, ನನ್ನ ಫೋಟೋ ಕದ್ದಿದಾರೆ!" ಎಂದ ಮೊಂಜಿ.

"ನಿನ್ನ ಫೋಟೋ ಹಾಳಾಗ್ಲಿ, ನನ್ನ ಮೂತಿ ಕಣೋ ಅದು! ಈ ಖಾರಕ್ಕೆ ಶಾಹಿಜೀರಿಗೇನೇ ಹಾಕಿಲ್ಲ. ತಿಂದೋರು ನಾನೇ ಮಾಡಿದ್ದು ಅಂದ್ಕೊಳ್ಳಲ್ವಾ? ನನ್ನ ಮಾನ ಹೋಯ್ತು."

ಮೊಂಜಿಗೆ ಒಂದು ಸಂಶಯ ಬಂತು. ತಾಣಕ್ಕೆ ಹಾಕುವಾಗ ತಾನೇ ಯಾರು ಬೇಕಾದರೂ ಬಳಸಲಿ ಎಂದು ಒಪ್ಪಿಬಿಟ್ಟೆನೇ? ತಾಣ ತೆರೆದು ನೋಡಿದ. ಇಲ್ಲ, 'ಕೇಳದೆ ಬಳಸುವಂತಿಲ್ಲ' ಎಂದೇ ಗುರುತು ಹಾಕಿದ್ದ. ಮೂಲ ಚಿತ್ರದ ಮೂಲೆಯಲ್ಲಿ ಅವನ ಮೋಟಾರ್‌ಬೈಕಿನ ಚಕ್ರವೂ ಇತ್ತು. ಡಬ್ಬಿಯವರು ಅದನ್ನು ಕತ್ತರಿಸಿದ್ದರು.

ಇಬ್ಬರೂ ನೆಟ್ಟಗೆ ಆ ಹರೀಸಾ ತಯಾರಿಸುವ ಕಾರ್ಖಾನೆಗೆ ಹೋದರು.

"ಇಂಟರ್ನೆಟ್ಟಲ್ಲಿ ಸಿಕ್ತು. ಅಲ್ಲಿರೋದು ಯಾರ ಸ್ವತ್ತೂ ಅಲ್ವಲ್ಲ," ಎಂದ ಮ್ಯಾನೇಜರ್.

"ನಿನ್ನ ಕಾರೂ ಬೀದೀಲೇ ನಿಂತಿದೆ. ಹತ್ಕೊಂಡು ಹೋಗ್ಲಾ?" ಎಂದಳು ಸಾಲ್ಹಾ.

ಅವನು ಮೊಂಜಿಯತ್ತ ತಿರುಗಿದ. "ನೀವು ಈಯಮ್ಮನ್ನ ಕೇಳಿ ಹಾಕಿದ್ರಾ?"

ಕೇಳಬೇಕು ಅಂತ ಮೊಂಜಿಗೆ ಹೊಳೆದೇ ಇರಲಿಲ್ಲ.

"ಅದು ನಮ್ಮನೆ ವಿಷಯ, ನಾನು ನೋಡ್ಕೋತೀನಿ. ನೀನು ಮೊದಲು ಇದನ್ನ ತಿನ್ನು," ಎಂದು ಸಾಲ್ಹಾ ಚೀಲದಿಂದ ತನ್ನ ಹರೀಸಾ ಜಾಡಿ ತೆಗೆದು, ರೊಟ್ಟಿಗೆ ಬಳಿದು ಕೊಟ್ಟಳು. ಮ್ಯಾನೇಜರನ ಮೂಗಿನ ತುದಿ ಬೆವರಿತು. ಇನ್ನೊಂದು ತುಂಡಿಗೆ ಕೈಚಾಚಿದ. ಅಷ್ಟರಲ್ಲಿ ಮೊಂಜಿ ಮೊಬೈಲಿನಲ್ಲಿ ಇಡೀ ಚಿತ್ರವನ್ನೂ ಅದರ ಷರತ್ತನ್ನೂ ತೋರಿಸಿದ. ತಾವು ಕತ್ತರಿಸಿ ತೆಗೆದ ಚಕ್ರ ಅದರಲ್ಲಿ ಕಂಡಮೇಲೆ ಮ್ಯಾನೇಜರ್ ವಾದಕ್ಕಿಳಿಯಲಿಲ್ಲ.

ಸಂಜೆಯೊಳಗೆ ಒಪ್ಪಂದವಾಯಿತು. ಹಳೆಯ ಡಬ್ಬಿಗಳು ಅಂಗಡಿಗಳಿಂದ ವಾಪಸ್. ಹೊಸ ಡಬ್ಬಿಯ ಮೇಲೆ ಸಾಲ್ಹಾಳ ಮುಖ, ಕೆಳಗೆ ಫೋಟೋ ತೆಗೆದವನೆಂದು ಮೊಂಜಿಯ ಹೆಸರು, ಒಳಗೆ ಕಡ್ಡಾಯವಾಗಿ ಶಾಹಿಜೀರಿಗೆ. ಮೂವರೂ ಸಹಿ ಹಾಕಿದರು.

ಬಸ್ಸಿನಲ್ಲಿ ಮೊಂಜಿ ಮೆಲ್ಲಗೆ ಬಾಯಿಬಿಟ್ಟ. "ಚಿಕ್ಕಮ್ಮ, ತಾಣದಲ್ಲಿ ನಿಂದು ಇನ್ನೂ ಹನ್ನೊಂದು ಫೋಟೋ ಇವೆ."

"ಹನ್ನೊಂದಾ! ತೋರ್ಸು."

ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದಳು. "ಇದಿರಲಿ. ಇದು ತೆಗಿ, ಹಲ್ಲುನೋವು ಬಂದೋಳ ಥರ ಕೂತಿದೀನಿ. ಇದೂ ತೆಗಿ. ಇದು..." ಸ್ವಲ್ಪ ಹೊತ್ತು ದಿಟ್ಟಿಸಿದಳು. "ಇದರಲ್ಲಿ ಚೆನ್ನಾಗಿದೀನಿ ಕಣೋ. ದೊಡ್ಡದು ಮಾಡಿಸಿ ಕೊಡು."