ಜಿಲ್ಲೆ ಇಲ್ಲದ ಊರು

ಆಗೆಲ್ಲ ಬೇಸಿಗೆ ರಜೆ ಎಂದರೆ ನಮ್ಮ ಮನೆಯಲ್ಲಿ ಲಿಂಬೆಹಣ್ಣಿನ ವಾಸನೆ. ಇಂಡಿಯಿಂದ ಸಾಲೋಟಗಿ ಕಡೆಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ನಮ್ಮ ತೋಟವಿತ್ತು. ಮುಂಜಾನೆ ಹರಿದ ಕಾಯಿ ಅಂಗಳಕ್ಕೆ ಬಂದು ಬೀಳುತ್ತಿತ್ತು. ಹೆಣ್ಣುಮಕ್ಕಳು ಸುತ್ತ ಕೂತು ದಪ್ಪನವು ಬೇರೆ, ಸಣ್ಣವು ಬೇರೆ ಎಂದು ಆರಿಸುತ್ತಿದ್ದರು. ಮುಳ್ಳು ಚುಚ್ಚಿದ ಹಣ್ಣು ಪೇಟೆಗೆ ನಡೆಯುವುದಿಲ್ಲವಲ್ಲ, ಅವೆಲ್ಲ ನಮ್ಮ ಹೊಟ್ಟೆಗೆ. ಮುಂಜಾನೆ ಶರಬತ್ತು, ಮಧ್ಯಾಹ್ನ ರೊಟ್ಟಿಯ ಜೊತೆ ಉಪ್ಪಿನಕಾಯಿ, ನಡುವೆ ಉಪ್ಪು ಹಚ್ಚಿಕೊಂಡು ಚೀಪುವುದು. ರಜೆ ಮುಗಿಯುವ ಹೊತ್ತಿಗೆ ನಮ್ಮ ಹಲ್ಲಿಗೆ ಮೆತ್ತನೆಯ ಅನ್ನವೂ ಜುಮ್ಮೆನ್ನುತ್ತಿತ್ತು.

ಆ ವಾಸನೆ ಎಲ್ಲರಿಗಿಂತ ಹೆಚ್ಚು ಇದ್ದದ್ದು ಸುನಂದತ್ತಿಯ ಕೈಯಲ್ಲಿ. ಅಪ್ಪನ ಕೊನೆಯ ತಂಗಿ ಅವಳು. ಪಿಯುಸಿ ಮುಗಿಸಿ, ಇಂಡಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ನನಗೆ ಜಡೆ ಹಾಕುವವಳು ಅವಳೇ, ಬೈಯುವವಳೂ ಅವಳೇ. ಅವ್ವನಿಗಿಂತ ಅವಳ ಮಗ್ಗುಲಲ್ಲೇ ನಾನು ಹೆಚ್ಚು ಮಲಗಿದ್ದು.

ಮಧ್ಯಾಹ್ನ ಉಂಡು ದೊಡ್ಡವರೆಲ್ಲ ಅಡ್ಡಾದಾಗ ನಾವಿಬ್ಬರೂ ಪಡಸಾಲೆಯ ಟೀವಿಯ ಮುಂದೆ ಕೂಡುತ್ತಿದ್ದೆವು. ಪಕ್ಕದ ಮನೆಯ ಮಲ್ಲಿಕ್ ಕುಂಟಲಿಪಿ ಆಟ ಅರ್ಧಕ್ಕೇ ಬಿಟ್ಟು ಓಡಿ ಬರುತ್ತಿದ್ದ. ಕಾರ್ಟೂನಿನ ಮಂದಿ ಆಗ ಹೊಸದಾಗಿ ಕನ್ನಡ ಮಾತಾಡಲು ಕಲಿತಿದ್ದರು. ನಮ್ಮ ಕಾರ್ಟೂನಿನ ಊರು ಮೈನಾಪುರ. ಅಲ್ಲಿ ಒಬ್ಬ ಉದ್ದ ಮೂಗಿನ ಪೋಸ್ಟಮನ್, ಅವನಿಗೆ ಬುದ್ಧಿ ಹೇಳುವ ಒಂದು ಕತ್ತೆ. ಊರಲ್ಲಿ ಎಲ್ಲ ಇತ್ತು, ಆದರೆ ಊರು ಎಲ್ಲಿದೆ ಎಂಬುದು ಮಾತ್ರ ಇರಲಿಲ್ಲ. ಒಂದು ದಿನ ಮನೆಗಳ ಹಿಂದೆ ಸಮುದ್ರ, ಮರುದಿನ ಅದೇ ಜಾಗದಲ್ಲಿ ಗುಡ್ಡ, ಅದರ ಮರುದಿನ ಬರೀ ಉಸುಕು. ಊರ ಮುಂದಿನ ಬೋರ್ಡಿನಲ್ಲಿ ಮೈನಾಪುರ ಎಂಬುದು ಕಾಣುತ್ತಿತ್ತು. ಕೆಳಗೆ ತಾಲೂಕು, ಜಿಲ್ಲೆ ಬರೆದಿರಬೇಕಾದಲ್ಲಿ ಪ್ರತಿ ಸಲವೂ ಒಂದು ಟೊಂಗೆ ಅಡ್ಡ ಬರುತ್ತಿತ್ತು, ಇಲ್ಲವೇ ಕತ್ತೆಯೇ ಬಂದು ನಿಲ್ಲುತ್ತಿತ್ತು.

ನಮ್ಮ ಜಗಳವೆಲ್ಲ ಅದರ ಮೇಲೆ. ನಾವು ಸಮುದ್ರ ಕಂಡವರಲ್ಲ. ಬಸವನ ಬಾಗೇವಾಡಿಯ ಬೀಗರ ಮನೆಗೆ ಹೋದಾಗ ಆಲಮಟ್ಟಿಯ ಹಿನ್ನೀರು ಕಂಡಿದ್ದೆ. ಅಷ್ಟು ದೊಡ್ಡ ನೀರು ಬೇರೆಲ್ಲಿರಲು ಸಾಧ್ಯ? ಮೈನಾಪುರ ಬಾಗೇವಾಡಿಯ ಕಡೆಯೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮಲ್ಲಿಕ್‌ನ ಸೋದರಮಾವ ಸಿಂದಗಿಯವನು, ಹೀಗಾಗಿ ಅವನ ಪ್ರಕಾರ ಅದು ಸಿಂದಗಿಯ ಆಚೆ.

"ಅತ್ತಿ, ನೀನ ಹೇಳ. ಎಲ್ಲೈತಿ ಅದು?" ಎಂದು ಒಂದು ದಿನ ಕೇಳಿದೆ.

"ಅವ್ರು ಬೇಕಂತನ ಮುಚ್ಚಿಡ್ತಾರ ಪಮ್ಮಿ."

"ಯಾಕ?"

"ಇಂಥಲ್ಲೈತಿ ಅಂತ ಹೇಳಿಬಿಟ್ರ ಯಾರಾರ ಹುಡಿಕ್ಕೋಂತ ಹೋಗ್ತಾರ. ಹೋಗಿ ಕೆಡಸ್ತಾರ."

ನನಗೆ ಅದು ಸರಿಯೆನಿಸಿತು. ಅಷ್ಟು ಚೆಂದದ ಊರಿಗೆ ನಮ್ಮೂರ ಮಂದಿ ಹೋದರೆ ಏನು ಉಳಿದೀತು?

ಇಲ್ಲಿ ನಮ್ಮ ಆಯಿಯ ಒಂದು ಕಟ್ಟಳೆಯನ್ನು ಹೇಳಬೇಕು. ಆಯಿ ಅಪ್ಪನ ತಾಯಿ, ಮನೆಯ ಹೈಕೋರ್ಟು. ಹೊರಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಕೂಡದು, ಹೋದ ಕೆಲಸ ಕೆಡುತ್ತದೆ. ದೂರ ಹೊಂಟೀರೇನು ಎಂದಷ್ಟೇ ಕೇಳಬೇಕು. ಅವರಾಗಿ ಹೇಳಿದರೆ ಸರಿ, ಇಲ್ಲದಿದ್ದರೆ ಇಲ್ಲ. ನಮ್ಮ ಭಾಗದಲ್ಲಿ ಇದನ್ನು ಹಾಲಿನ ಜೊತೆಗೇ ಕುಡಿಸುತ್ತಾರೆ. ಒಮ್ಮೆ ಅಪ್ಪ ಪೇಟೆಗೆ ಹೊರಟಾಗ ನಾನು "ಎಲ್ಲಿಗಪ್ಪಾ?" ಎಂದು ಬಾಯಿಬಿಟ್ಟಿದ್ದೆ. ಅಪ್ಪ ತಿರುಗಿ ಬಂದು, ಕೂತು, ನೀರು ಕುಡಿದು ಮತ್ತೆ ಹೊರಟ. ಆಯಿ ನನ್ನ ಕಿವಿ ಹಿಂಡಿ, "ಹೊಂಟವರ ಹಾದಿ ಕಟ್ತಿಯೇನ ಮೂಳಿ?" ಎಂದಿದ್ದಳು. ಆಮೇಲೆ ನಾನು ಮರೆಯಲಿಲ್ಲ.

ಆ ಬೇಸಿಗೆಯಲ್ಲಿ ಅತ್ತಿಗೆ ಮುದ್ದೇಬಿಹಾಳದ ಕಡೆಯ ಒಂದು ವರ ಗಟ್ಟಿಯಾಗುತ್ತಿತ್ತು. ಅತ್ತಿಯ ಮನಸ್ಸು ಮಾತ್ರ ನಮ್ಮ ಲಿಂಬೆ ಚೀಲ ಒಯ್ಯಲು ಝಳಕಿಯಿಂದ ಗಾಡಿ ತರುತ್ತಿದ್ದ ಹುಡುಗನ ಮೇಲಿತ್ತು. ಅವನು ಬೇರೆ ಜಾತಿಯವನು. ವಿಷಯ ಬಯಲಾದ ದಿನ ಅಪ್ಪ ಅಂಗಳದಲ್ಲಿ ನಿಂತು, "ಹೊಸ್ತಿಲಾ ದಾಟಿದಿ ಅಂದ್ರ ಇಬ್ಬರ್ನೂ ಕಡದ ಹಾಕ್ತೇನಿ" ಎಂದ. ನನ್ನಪ್ಪ ಒಳ್ಳೆಯವನು. ಆದರೆ ಅಂದದ್ದನ್ನು ಮಾಡುವವನು. ಅದು ಅತ್ತಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕೆಲವು ದಿನಗಳ ಮೇಲೆ, ಒಂದು ಮುಂಜಾನೆ, ಎಲ್ಲರೂ ತೋಟದಲ್ಲಿದ್ದರು. ನಾನು ಕಟ್ಟೆಯ ಮೇಲೆ ಲಿಂಬೆಹಣ್ಣು ಚೀಪುತ್ತ ಕೂತಿದ್ದೆ. ಅತ್ತಿ ಹೊಲಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದಳು. ಕೈಯಲ್ಲಿ ರೊಟ್ಟಿಯ ಬುತ್ತಿ ಬೇರೆ ಇತ್ತು.

"ದೂರ ಹೊಂಟೀಯೇನತ್ತಿ?" ಎಂದೆ, ಆಯಿ ಕಲಿಸಿದ ಹಾಗೆ.

ಅವಳು ಬಂದು ನನ್ನ ಮಗ್ಗುಲಿಗೆ ಕೂತಳು. ಜಡೆ ಸರಿಪಡಿಸಿದಳು. "ಹ್ಞೂ ಪಮ್ಮಿ, ದೂರ."

ನಾನು ಮತ್ತೇನೂ ಕೇಳಲಿಲ್ಲ. ಅವಳೇ ಹೇಳಿದಳು: "ಯಾರಾರ ಕೇಳಿದ್ರ ಮೈನಾಪುರಕ್ಕ ಹ್ವಾದ್ಳು ಅನ್ನು."

"ಖರೇನ? ನನ್ನೂ ಕರ್ಕೊಂಡ ಹೋಗ ಅತ್ತಿ!"

"ಮುಂದಿನ ಸಲ" ಎಂದು ನನ್ನ ಕೆನ್ನೆ ಹಿಡಿದಳು. ಅವಳ ಬೆರಳಿಗೆ ಲಿಂಬೆಯ ವಾಸನೆ ಇತ್ತು.

ಸಂಜೆಯ ಹೊತ್ತಿಗೆ ಮನೆ ಮನೆಯಾಗಿ ಉಳಿದಿರಲಿಲ್ಲ. ಝಳಕಿಯ ಆ ಹುಡುಗನ ಮನೆಗೂ ಬೀಗ ಬಿದ್ದಿತ್ತು. ಅಪ್ಪ ನನ್ನ ರಟ್ಟೆ ಹಿಡಿದು ಅಲುಗಾಡಿಸಿದ.

"ಏನ್ ಹೇಳಿ ಹ್ವಾದ್ಳು? ಖರೇ ಹೇಳ!"

"ಮೈನಾಪುರಕ್ಕ."

ಅಪ್ಪ ಕಾರ್ಟೂನು ನೋಡಿದವನಲ್ಲ. "ಎಲ್ಲಿ ಬರ್ತೈತಿ ಅದು?" ಎಂದ.

ನನಗೆ ಗೊತ್ತಿದ್ದುದನ್ನು ನಾನು ನಿಷ್ಠೆಯಿಂದ ಹೇಳಿದೆ. "ಬಾಗೇವಾಡಿ ಕಡೆ ಇರಬೇಕಪ್ಪಾ. ಅಲ್ಲಿ ದೊಡ್ಡ ನೀರೈತಿ." ಬಾಗಿಲಲ್ಲಿ ನಿಂತಿದ್ದ ಮಲ್ಲಿಕ್ ಸುಮ್ಮನಿರಲಾರದೆ, "ಇಲ್ರಿ ಕಾಕಾ, ಸಿಂದಗಿ ದಾಟಿದ ಮ್ಯಾಲ" ಎಂದ.

ಗಂಡಸರು ಮೋಟರ್‌ಸೈಕಲ್ ಹತ್ತಿದರು. ಒಂದು ಗುಂಪು ಸಿಂದಗಿಗೆ, ಅಪ್ಪ ಮತ್ತು ಅವನ ತಮ್ಮ ಬಾಗೇವಾಡಿಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿಗೆ ಎಲ್ಲಿ ಬರ? ದಾರಿಯಲ್ಲಿ ಕಂಡವರನ್ನು ಕೇಳಿದರೆ, ಗೊತ್ತಿಲ್ಲ ಎನ್ನಲು ನಾಚಿಕೆಪಟ್ಟು ಒಬ್ಬ ಹೊಳೆಯ ಆಚೆ ಎಂದ, ಒಬ್ಬ ಮುಂದಿನ ಕ್ರಾಸಿನಲ್ಲಿ ಒಳಗೆ ಹೋಗಿ ಎಂದ. ಹೀಗೆ ಊರೂರು ತಿರುಗಿ, ಕೊನೆಗೆ ಮುದ್ದೇಬಿಹಾಳದಲ್ಲಿ ಚಹಾದಂಗಡಿಯವನ ಸಣ್ಣ ಮಗಳು ನಕ್ಕಳಂತೆ: "ಕಾಕಾ, ಅದು ಟೀವಿಯೊಳಗಿನ ಊರ್ರಿ!" ಅಷ್ಟು ಹೊತ್ತಿಗೆ ಅತ್ತಿ ಎಷ್ಟು ದೂರ ಹೋಗಿದ್ದಳೋ.

ಅಪ್ಪ ಬಂದವನೇ ಟೀವಿಯನ್ನು ಎತ್ತಿ ಅಂಗಳಕ್ಕೆ ಒಗೆದ. ನನ್ನನ್ನು ಹೊಡೆಯಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ ಎಂಬುದು ನನ್ನ ಮುಖದಲ್ಲೇ ಇತ್ತು. ಅತ್ತಿ ಅದನ್ನೂ ಯೋಚಿಸಿಯೇ ಹೋಗಿದ್ದಳು ಎಂದು ನನಗೆ ತಿಳಿಯಲು ವರ್ಷಗಳು ಹಿಡಿದವು. ಟೀವಿಯ ಚೂರುಗಳನ್ನು ಲಿಂಬೆಹಣ್ಣಿನ ನಡುವಿಂದ ಆಯ್ದು ತೆಗೆದವಳು ಆಯಿ.

ಅತ್ತಿ ತಿರುಗಿ ಬರಲಿಲ್ಲ. ಒಂದು ಫೋನಿಲ್ಲ, ಕಂಡೆವು ಎಂದು ಹೇಳುವ ಒಬ್ಬ ಮನುಷ್ಯನಿಲ್ಲ. ಬದುಕಿದ್ದಾಳೋ ಇಲ್ಲವೋ, ಅದೂ ತಿಳಿಯದು. ಮುಂದಿನ ಸಲ ಎಂದಿದ್ದಳಲ್ಲ, ಹೊಸ ಲಂಗವೊಂದನ್ನು ನಾನು ಹಾಕಿಕೊಳ್ಳದೆ ಎತ್ತಿಟ್ಟೆ. ಅದು ಗಿಡ್ಡಾಗುವವರೆಗೂ ಕಾದೆ. ಜಡೆ ಹಾಕಿಕೊಳ್ಳುವುದನ್ನು ನಾನೇ ಕಲಿತೆ.

ಎಲ್ಲಿಗೆ ಎಂದು ಕೇಳಬಾರದೆಂದು ಕಲಿಸಿದ ಆಯಿ ಕೊನೆಗಾಲದಲ್ಲಿ ಹಾಸಿಗೆ ಹಿಡಿದು, ಬಂದವರನ್ನೆಲ್ಲ ಒಂದನ್ನೇ ಕೇಳುತ್ತಿದ್ದಳು. "ಎಲ್ಲಿ ಅದಾಳ ನನ್ನ ಮಗಳು? ಎಲ್ಲಿಗೆ ಹ್ವಾದ್ಳು?" ಅಪ್ಪ ಆಗ ಹೊರಗೆದ್ದು ಹೋಗುತ್ತಿದ್ದ.

ಈಗ ನಾನು ಮದುವೆಯಾಗಿ ಸಿಂದಗಿಯಲ್ಲಿದ್ದೇನೆ. ಊರಲ್ಲಿ ತೋಟ ಇನ್ನೂ ಇದೆ, ಹಣ್ಣೂ ಇದೆ. ಅಂಗಳದಲ್ಲಿ ಸುತ್ತ ಕೂತು ಆರಿಸುವ ಆ ಹೆಣ್ಣುಮಕ್ಕಳ ನಗೆ ಇಲ್ಲ. ನಾನು ಎಷ್ಟು ಲಿಂಬೆ ಹಿಂಡಿದರೂ ನನ್ನ ಕೈಗೆ ಅತ್ತಿಯ ಕೈಯ ವಾಸನೆ ಬರುವುದಿಲ್ಲ. ಹೋದ ಬೇಸಿಗೆಯಲ್ಲಿ ಅಪ್ಪ ಒಂದು ಚೀಲ ಹಣ್ಣು ಹಿಡಿದು ನನ್ನ ಮನೆಗೆ ಬಂದಿದ್ದ. ನನ್ನ ಮಗಳು ಮೊಬೈಲಿನಲ್ಲಿ ಅದೇ ಉದ್ದ ಮೂಗಿನ ಪೋಸ್ಟಮನ್‌ನನ್ನು ನೋಡುತ್ತಿದ್ದಳು. ಅಪ್ಪ ಅವಳ ಪಕ್ಕಕ್ಕೆ ಹೋಗಿ ಕೂತ. ಬೋರ್ಡು ಬಂತು, ಕತ್ತೆ ಅಡ್ಡ ಬಂದು ನಿಂತಿತು.

"ಈ ಊರು ಎಲ್ಲಿ ಬರ್ತೈತವ್ವಾ?" ಎಂದ ಅಪ್ಪ. ಅಂಥ ಮೆತ್ತಗಿನ ದನಿಯನ್ನು ಅವನಿಂದ ನಾನು ಕೇಳಿರಲಿಲ್ಲ.

"ಯಾರಿಗೂ ಗೊತ್ತಿಲ್ಲ ಮುತ್ಯಾ. ಅವ್ರು ಬೇಕಂತನ ಹೇಳಂಗಿಲ್ಲ."

ಅಪ್ಪ ಕತ್ತೆ ಸರಿದೀತೆಂದು ಕಾದವನ ಹಾಗೆ ಪರದೆಯನ್ನೇ ನೋಡುತ್ತ ಕೂತ.

"ಹೇಳಿದ್ರ ಏನಾಗ್ತಿತ್ತು?" ಎಂದ. "ನಾವೇನ್ ಮಾಡ್ತಿದ್ವಿ ಈಗ? ಬರೇ ನೋಡಿ ಬರ್ತಿದ್ವಿ."